ಇಪ್ಪತ್ತೆಂಟರ ಲೆನ್ಸು

ಎರಡು ಸಾವಿರದ ಏಳನೇ ಇಸವಿಯ ಹೊತ್ತಿಗೆ ಷಡಕ್ಷರಿಗೆ ಮದುವೆಮನೆಯೆಂದರೆ ಹೇಸಿಗೆಯಾಗಿಬಿಟ್ಟಿತ್ತು. ಒಂಟಿಕೊಪ್ಪಲಿನಲ್ಲಿ ಅವನು ಸ್ಟುಡಿಯೋ ತೆರೆದು ಇಪ್ಪತ್ತು ವರ್ಷವಾಗಿತ್ತು. ಛತ್ರದ ವೇದಿಕೆಗೆ ಸಾಲುಗಟ್ಟಿ ಬಂದು, ಹೆಣ್ಣುಗಂಡಿನ ಪಕ್ಕ ನಿಂತು ಹಲ್ಲು ಕಿರಿದು, ಫ್ಲ್ಯಾಶ್ ಬಡಿದದ್ದೇ ತಡ ಆ ನಗುವನ್ನು ಅಲ್ಲೇ ಬಿಸಾಕಿ ಊಟದ ಹಾಲಿಗೆ ಓಡುವ ಜನ. ಕೈಯಲ್ಲಿ ಬಾಳೆಹಣ್ಣು ಹಿಡಿದೇ ಫೋಟೋಗೆ ನಿಲ್ಲುವ ಗಂಡಿನ ಸೋದರಮಾವಂದಿರು. ಇವರನ್ನೆಲ್ಲ ಇಪ್ಪತ್ತು ವರ್ಷ ನೋಡಿದವನಿಗೆ ವಾಕರಿಕೆ ಬಾರದೆ ಇನ್ನೇನು ಬಂದೀತು?

ಅದಕ್ಕಿಂತ ಹೆಚ್ಚಿನ ವಾಕರಿಕೆ ತಾನೇ ತೆಗೆದ ಫೋಟೋಗಳನ್ನು ಕಂಪ್ಯೂಟರಿನಲ್ಲಿ ನೋಡುವಾಗ ಬರುತ್ತಿತ್ತು. ಫಿಲ್ಮ್ ಕ್ಯಾಮೆರಾ ಮೂಲೆಗಿಟ್ಟು ಡಿಜಿಟಲ್ ತಗೊಂಡು ಒಂದೂವರೆ ವರ್ಷವಾಗಿತ್ತು. ಅದರ ಜೊತೆ ಡಬ್ಬಿಯಲ್ಲೇ ಬಂದಿದ್ದ ಲೆನ್ಸು ಹದಿನೆಂಟರಿಂದ ಐವತ್ತೈದು ಮಿಲಿಮೀಟರಿನದ್ದು. ಲೆನ್ಸಿನ ಸಂಖ್ಯೆ ಚಿಕ್ಕದಾದಷ್ಟೂ ಫೋಟೋದಲ್ಲಿ ಹೆಚ್ಚು ಜಾಗ ಹಿಡಿಯುತ್ತದೆ, ದೊಡ್ಡದಾದಷ್ಟೂ ದೂರದ್ದು ಹತ್ತಿರ ಬರುತ್ತದೆ. ಪ್ಲಾಸ್ಟಿಕ್ಕಿನ, ಹಗುರವಾದ, ಬಡಕಲು ಲೆನ್ಸು. ಸ್ವಲ್ಪ ಜೂಮ್ ಮಾಡಿದರೆ ಸಾಕು, ಅದಕ್ಕೆ ಬೆಳಕು ಸಾಲುತ್ತಿರಲಿಲ್ಲ. ಫ್ಲ್ಯಾಶ್ ಹೊಡೆದರೆ ಮುಖಗಳೆಲ್ಲ ಮೈದಾ ಮೆತ್ತಿದ ಹಾಗೆ, ಹಿಂದೆಲ್ಲ ಕಗ್ಗತ್ತಲು. ಷಡಕ್ಷರಿ ತಪ್ಪನ್ನೆಲ್ಲ ಲೆನ್ಸಿನ ತಲೆಗೆ ಕಟ್ಟಿದ. ಒಳ್ಳೆಯ ಜೂಮ್ ಲೆನ್ಸು ಬರುವವರೆಗೆ ಮನಸ್ಸಿಟ್ಟು ಒಂದು ಫೋಟೋನೂ ತೆಗೆಯುವುದಿಲ್ಲ ಎಂದು ಹಟ ಹಿಡಿದ.

ಪುಟ್ಟಲಿಂಗಮ್ಮ ಬಂದು ಕೇಳಿದ್ದು ಆಗಲೇ, ಮಾರ್ಚ್ ತಿಂಗಳ ಮೊದಲ ವಾರದಲ್ಲಿ. ಐವತ್ತೈದರ ಆಸುಪಾಸಿನ ಹೆಂಗಸು. ದಿನಾ ಬೆಳಿಗ್ಗೆ ದಲಿತರೇ ಹೆಚ್ಚಿರುವ ಅಶೋಕಪುರದಿಂದ ಸಿಟಿ ಬಸ್ಸು ಹತ್ತಿ, ಸ್ಟುಡಿಯೋದ ಹಿಂದಿನ ಬೀದಿಯಲ್ಲಿದ್ದ ಸುಂದರಮ್ಮನವರ ಮನೆಗೆ ಬರುತ್ತಿದ್ದಳು. ಸುಂದರಮ್ಮ ರಿಟೈರ್ ಆದ ಮೇಷ್ಟ್ರಮ್ಮ. ಷಡಕ್ಷರಿಗೆ ಮೂರನೇ ಕ್ಲಾಸಿನಲ್ಲಿ ಮಗ್ಗಿ ಕಲಿಸಿದವರು. ಆರು ವರ್ಷದ ಹಿಂದೆ ಲಕ್ವ ಹೊಡೆದು ಒಂದು ಕಡೆಯ ಕೈಕಾಲು ಬಿದ್ದುಹೋಗಿದ್ದವು. ಮಗ ಸಿದ್ದಲಿಂಗಸ್ವಾಮಿ, ಸೊಸೆ ಪ್ರೇಮಲೀಲಾ ಅದೇ ಮನೆಯ ಮಹಡಿಯಲ್ಲಿದ್ದರು. ಮಗನಿಗೆ ಹಾರ್ಡ್‌ವೇರ್ ಅಂಗಡಿ. ದಿನಕ್ಕೊಂದು ಸಲ ಮೆಟ್ಟಿಲ ಹತ್ತಿರ ನಿಂತು "ಹೇಗಿದ್ದಾರೆ?" ಎಂದು ಕೇಳಿ ಹೋಗುತ್ತಿದ್ದ. ಉಳಿದದ್ದೆಲ್ಲ, ಅಂದರೆ ತೊಳೆಯುವುದು, ಬಳಿಯುವುದು, ಉಣಿಸುವುದು, ರಗಳೆ ಮಾಡಿದಾಗ ಸಮಾಧಾನ ಹೇಳುವುದು, ಎಲ್ಲ ಪುಟ್ಟಲಿಂಗಮ್ಮನದು.

"ಅಣ್ಣಾ, ಅಮ್ಮಾವ್ರುದೂ ನಂದೂ ಒಂದ್ ಫೋಟೋ ತಗ್ದುಕೊಡಿ," ಅಂದಳು. "ಆರು ವರ್ಸ ಆಯ್ತು, ಜೊತೇಲಿರೋದು ಒಂದೂ ಇಲ್ಲ. ಅಮ್ಮಾವ್ರೇ ಯೋಳವ್ರೆ, ಷಡಕ್ಷರೀನ ಕರ್ಕೊಂಡ್ ಬಾ ಅಂತ."

"ತೆಗೆಯೋಣ ಕಣಮ್ಮ, ಅದಕ್ಕೇನು? ಆದ್ರೆ ಈ ಲೆನ್ಸಲ್ಲಿ ಬೇಡ. ಆ ರೂಮು ಕತ್ತಲೆ. ಫ್ಲ್ಯಾಶ್ ಹೊಡೆದ್ರೆ ಇಬ್ರ ಮುಖಾನೂ ಸುಣ್ಣ ಬಳಿದಂಗೆ ಬರುತ್ತೆ. ಹೊಸ ಲೆನ್ಸ್ ತರಿಸ್ತಾ ಇದ್ದೀನಿ. ಒಂದೆರಡು ವಾರದಲ್ಲಿ ಬಂದ್ಬಿಡುತ್ತೆ. ಬಂದ ತಕ್ಷಣ ಒಂದು ಭಾನುವಾರ ಬರ್ತೀನಿ, ಮೊದಲ ಫೋಟೋ ನಿಮ್ಮಿಬ್ರುದೇ."

"ಎಂಗಾರ ಬರ್ಲಿ ಬುಡಿ ಅಣ್ಣ, ಮುಖ ಗೊತ್ತಾದ್ರೆ ಸಾಕು."

"ಇಲ್ಲ ಇಲ್ಲ. ಮೇಡಂ ಫೋಟೋ ಅಂದ್ಮೇಲೆ ನೀಟಾಗಿ ಬರ್ಬೇಕು."

ಹೀಗೆಂದು ಅವಳನ್ನು ಕಳಿಸಿ, ಷಡಕ್ಷರಿ ಲೆನ್ಸು ಆರಿಸಲು ಕೂತ. ಕೂತವನು ಮೂರು ತಿಂಗಳು ಏಳಲಿಲ್ಲ. ಸಂಜೆಯಾದರೆ ಸೈಬರ್ ಕೆಫೆ. ಅಲ್ಲಿ ಯಾವ್ಯಾವ ದೇಶದವರೋ ಲೆನ್ಸುಗಳ ಬಗ್ಗೆ ಜಗಳವಾಡಿದ್ದನ್ನು ಓದಿ, ಪ್ರಿಂಟ್ ತೆಗೆಸಿ, ಪೆನ್ನಿನಲ್ಲಿ ಗೆರೆ ಎಳೆದು ಮನೆಗೆ ತರುತ್ತಿದ್ದ. ಹದಿನೆಂಟರಿಂದ ಇನ್ನೂರರವರೆಗೆ ಹೋಗುವ ಲೆನ್ಸು ಒಂದಿತ್ತು. ಎಲ್ಲಕ್ಕೂ ಆಗುತ್ತದೆ, ಆದರೆ ಅದಕ್ಕೂ ಬೆಳಕಿನ ಬರ. ಅದನ್ನು ಏಪ್ರಿಲ್‌ನಲ್ಲಿ ಆರಿಸಿ ಮೇನಲ್ಲಿ ಬಿಟ್ಟ. ಆಮೇಲೆ ಉಳಿದದ್ದು ಎರಡು, ಎರಡೂ ಕಡಿಮೆ ಬೆಳಕಿನಲ್ಲಿ ಫ್ಲ್ಯಾಶಿಲ್ಲದೆ ಚೆನ್ನಾಗಿ ತೆಗೆಯುವಂಥವು. ಒಂದು ಹದಿನೇಳರಿಂದ ಐವತ್ತು. ಇನ್ನೊಂದು ಇಪ್ಪತ್ತೆಂಟರಿಂದ ಎಪ್ಪತ್ತೈದು.

ಪೇಟೆಯಲ್ಲಿ ಕ್ಯಾಮೆರಾ ಅಂಗಡಿ ಇಟ್ಟಿದ್ದ ಲಕ್ಷ್ಮೀನರಸಿಂಹ ತಾಳ್ಮೆಯ ಮನುಷ್ಯ. ಕಾಗದದ ಮೇಲೆ ಚಿತ್ರ ಬರೆದು ತೋರಿಸಿದ.

"ನೋಡಿ ಷಡಕ್ಷರಿಯವ್ರೇ, ನಿಮ್ಮ ಕ್ಯಾಮೆರಾ ಒಳಗೆ ಫಿಲ್ಮಿನ ಬದ್ಲು ಚಿತ್ರ ಹಿಡಿಯೋ ಸೆನ್ಸರ್ರು ಫಿಲ್ಮಿಗಿಂತ ಚಿಕ್ಕದು. ಫಿಲ್ಮಲ್ಲಿ ಇಪ್ಪತ್ತೆಂಟು ಹಾಕಿದ್ರೆ ಎಷ್ಟು ಜಾಗ ಬರ್ತಿತ್ತೋ ಇದ್ರಲ್ಲಿ ಅಷ್ಟು ಬರಲ್ಲ. ಸುತ್ತಲೂ ಕತ್ತರಿಸ್ಕೊಂಡು ಹೋಗುತ್ತೆ. ನಮ್ಮ ಮನೆಗಳು, ಛತ್ರಗಳು ಎಲ್ಲ ಇಕ್ಕಟ್ಟು. ಹದಿನೇಳರದ್ದು ತಗೊಳ್ಳಿ, ನನ್ನ ಮಾತು ಕೇಳಿ."

ಷಡಕ್ಷರಿ ಮೂಗು ಮುರಿದ. ಅವನ ಹಳೆಯ ಫಿಲ್ಮ್ ಕ್ಯಾಮೆರಾದಲ್ಲಿ ಸದಾ ಇರುತ್ತಿದ್ದದ್ದು ಇಪ್ಪತ್ತೆಂಟರ ಲೆನ್ಸು. ಯಾವ ಹಾಲಿನಲ್ಲಿ ಎಲ್ಲಿ ನಿಂತರೆ ಎಷ್ಟು ಜನ ಹಿಡಿಯುತ್ತಾರೆ ಎಂದು ಕಣ್ಣಿಗೆ ಕ್ಯಾಮೆರಾ ಹಚ್ಚದೆಯೇ ಹೇಳುತ್ತಿದ್ದ. ಆ ಸಂಖ್ಯೆ ಅವನ ರಕ್ತಕ್ಕೆ ಇಳಿದುಬಿಟ್ಟಿತ್ತು. ಹದಿನೇಳರದ್ದೋ, ಚಿಕ್ಕ ಸೆನ್ಸರಿಗೆಂದೇ ಮಾಡಿದ್ದು. ನಿನ್ನೆ ಮೊನ್ನೆ ಕ್ಯಾಮೆರಾ ಹಿಡಿದ ಕಾಲೇಜು ಹುಡುಗರ ಲೆನ್ಸು ಎಂದು ಅವನ ಲೆಕ್ಕ.

"ಇಪ್ಪತ್ತು ವರ್ಷ ಇಪ್ಪತ್ತೆಂಟರಲ್ಲೇ ಮದುವೆ ಮಾಡಿದ್ದೀನಿ ಕಣ್ರೀ. ನನಗೆ ಹೇಳ್ಕೊಡ್ತೀರಾ? ಜಾಗ ಸಾಲ್ದಿದ್ರೆ ಎರಡು ಹೆಜ್ಜೆ ಹಿಂದಕ್ಕೆ ಹೋದ್ರಾಯ್ತು."

"ಹಿಂದೆ ಗೋಡೆ ಇದ್ರೆ?" ಎಂದ ಲಕ್ಷ್ಮೀನರಸಿಂಹ.

ಷಡಕ್ಷರಿ ಇಪ್ಪತ್ತೆಂಟರದ್ದಕ್ಕೇ ಮುಂಗಡ ಕಟ್ಟಿದ. ಹಳೆಯ ಬಡಕಲು ಲೆನ್ಸನ್ನೂ ಎಕ್ಸ್‌ಚೇಂಜಿಗೆ ಹಾಕಿ ಕೈತೊಳೆದುಕೊಂಡ. ಅದರ ಮುಖ ನೋಡಲೂ ಅವನಿಗೆ ಇಷ್ಟವಿರಲಿಲ್ಲ.

ಜುಲೈನಲ್ಲಿ ಲೆನ್ಸು ಬಂತು. ಕೈಗೆ ತೂಕವಾಗಿ, ಮುಂದುಗಡೆ ಬಟ್ಟಲಿನಷ್ಟು ಗಾಜಿದ್ದ ಲೆನ್ಸು. ಅದರಲ್ಲಿ ಮೊದಲ ಫೋಟೋ ಯಾರದ್ದು ತೆಗೆದ ಅಂತೀರಿ? ಗೋಡೆಯದ್ದು. ಓದಿದ ಕಾಗದಗಳಲ್ಲಿ ಹಾಗೆ ಬರೆದಿತ್ತು: ಇಟ್ಟಿಗೆ ಗೋಡೆಯ ಫೋಟೋ ತೆಗೆದು ನಾಲ್ಕು ಮೂಲೆಯೂ ಚೂಪಾಗಿ ಬಂದಿದೆಯೇ ನೋಡಬೇಕು. ಆಮೇಲೆ ಪೇಪರಿನ ಹಾಳೆ ಅಂಟಿಸಿ ಅಕ್ಷರಗಳ ಫೋಟೋ ತೆಗೆಯಬೇಕು. ಒಂದು ವಾರ ಷಡಕ್ಷರಿ ಸ್ಟುಡಿಯೋ ಪಕ್ಕದ ಕಾಂಪೌಂಡು ಗೋಡೆಯ ಮುಂದೆ ಸ್ಟ್ಯಾಂಡ್ ನೆಟ್ಟು ಅದೇ ಇಟ್ಟಿಗೆಗಳನ್ನು ಮುನ್ನೂರು ಸಲ ತೆಗೆದ. ಎಡಮೂಲೆ ಕೊಂಚ ಮಬ್ಬು ಅನಿಸಿ ಎರಡು ದಿನ ಊಟ ರುಚಿಸಲಿಲ್ಲ.

ಬಸ್‌ಸ್ಟಾಪಿನಿಂದ ಬರುತ್ತಿದ್ದ ಪುಟ್ಟಲಿಂಗಮ್ಮ ನಿಂತು ನೋಡಿದಳು. "ಗೋಡೆ ಫೋಟೋ ಯಾಕಣ್ಣ ತೆಗೀತೀರಿ?"

"ಟೆಸ್ಟ್ ಮಾಡ್ತಿದ್ದೀನಮ್ಮ. ಲೆನ್ಸ್ ಬಂತು ನೋಡು."

"ಅಂಗಾರೆ ಇವತ್ತು ಬತ್ತೀರಾ? ಅಮ್ಮಾವ್ರು ಎರಡ್ ದಿನದಿಂದ ಗಂಜೀನೂ ಸರಿಯಾಗಿ ನುಂಗ್ತಿಲ್ಲ."

"ಇವತ್ತು ಬೇಡ, ಇನ್ನೂ ಸ್ವಲ್ಪ ನೋಡೋದಿದೆ. ಭಾನುವಾರ ಬರ್ತೀನಿ. ಭಾನುವಾರ ಗ್ಯಾರಂಟಿ."

ಗುರುವಾರ ಬೆಳಿಗ್ಗೆ ಸುಂದರಮ್ಮ ತೀರಿಕೊಂಡರು.

ಹತ್ತು ಗಂಟೆಗೆ ಸಿದ್ದಲಿಂಗಸ್ವಾಮಿಯ ಫೋನು ಬಂತು. "ಅಮ್ಮ ಲಿಂಗೈಕ್ಯರಾದ್ರು ಕಣ್ರೀ. ಕೂರಿಸಿದ್ದೀವಿ. ಕ್ಯಾಮೆರಾ ತಗೊಂಡು ಬಂದ್ಬಿಡಿ, ಮಣ್ಣಿಗೆ ಹೊರಡೋದ್ರೊಳಗೆ ಫ್ಯಾಮಿಲಿ ಫೋಟೋ ಆಗ್ಬೇಕು."

ಅವರ ಜನದಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಮೀಯಿಸಿ, ಮಡಿ ಉಡಿಸಿ, ಹಣೆ ತುಂಬ ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಚಕ್ಕಂಬಕ್ಕಳ ಕೂರಿಸುತ್ತಾರೆ. ಷಡಕ್ಷರಿಯೂ ಅದೇ ಜನ, ಅದೇ ಮಠದ ಒಕ್ಕಲು. ಇಂಥ ಫೋಟೋಗಳನ್ನು ನೂರಾರು ತೆಗೆದಿದ್ದ. ಆದರೆ ಆವತ್ತು ಬಾಗಿಲಲ್ಲಿ ಚಪ್ಪಲಿ ಬಿಡಲು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡ. ಭಾನುವಾರಕ್ಕೆ ಇನ್ನೂ ಮೂರು ದಿನವಿತ್ತು.

ಮುಂದಿನ ರೂಮಿನಲ್ಲಿ ಸುಂದರಮ್ಮ ಕೂತಿದ್ದರು. ತಲೆ ನಿಲ್ಲಲೆಂದು ಹಣೆಗೆ ಸುತ್ತಿ ಹಿಂದಿನ ಮೊಳೆಗೆ ಕಟ್ಟಿದ್ದ ಬಿಳಿ ಬಟ್ಟೆ ಮತ್ತೆ ಮತ್ತೆ ಸಡಿಲವಾಗುತ್ತಿತ್ತು. ಪುಟ್ಟಲಿಂಗಮ್ಮ ಪಕ್ಕದಲ್ಲಿ ಮಂಡಿಯೂರಿ, ಬಲಗೈಯನ್ನು ಅವರ ಗಲ್ಲದ ಕೆಳಗೆ ಕೊಟ್ಟು ಹಿಡಿದಿದ್ದಳು. ಅಳುತ್ತಿರಲಿಲ್ಲ. ಕಿವಿಯ ಹತ್ತಿರ ಬಾಗಿ ಏನೋ ಹೇಳುತ್ತಿದ್ದಳು. ಕಿಟಕಿಯ ಬೆಳಕು ಓರೆಯಾಗಿ ಇಬ್ಬರ ಮೇಲೂ ಬೀಳುತ್ತಿತ್ತು. ಬೆಳಕು ಎಷ್ಟಿದೆ ನೋಡೋಣವೆಂದು ಷಡಕ್ಷರಿ ಜೂಮ್ ಎಳೆದು, ಫ್ಲ್ಯಾಶಿಲ್ಲದೆ ಒಂದು ಕ್ಲಿಕ್ ಮಾಡಿದ. ಬರೀ ಟೆಸ್ಟಿಗೆ.

ಅಷ್ಟರಲ್ಲಿ ಮಹಡಿಯಿಂದ ಮನೆಯವರು ಇಳಿದು ಬಂದರು. ಊರಿಂದ ಬಂದ ನೆಂಟರೂ ಸೇರಿ ಹನ್ನೊಂದು ಜನ. ಆ ರೂಮಿಗೆ ಯಾವತ್ತೂ ಕಾಲಿಡದವರೂ ಅದರಲ್ಲಿದ್ದರು. ಒಬ್ಬಾಕೆ ಮಂಚದ ಕೆಳಗಿನ ಬೆಡ್‌ಪ್ಯಾನ್ ನೋಡಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಪ್ರೇಮಲೀಲಾ ಇಸ್ತ್ರಿ ಮಾಡಿದ ಬಿಳಿ ಸೀರೆ ಉಟ್ಟು, ತಲೆ ಬಾಚಿ ಬಂದಿದ್ದಳು. ಎಲ್ಲರೂ ಹೆಣದ ಎರಡೂ ಕಡೆ ಸಾಲಾಗಿ ಸೇರಿಕೊಂಡರು.

ಷಡಕ್ಷರಿ ಲೆನ್ಸನ್ನು ಇಪ್ಪತ್ತೆಂಟಕ್ಕೆ ತಿರುಗಿಸಿದ. ಎಡಗಡೆ ಇಬ್ಬರು, ಬಲಗಡೆ ಮೂವರು ಹೊರಗೆ. ಒಂದು ಹೆಜ್ಜೆ ಹಿಂದೆ ಹೋದ. ಇನ್ನೊಂದು ಹೆಜ್ಜೆ. ಬೆನ್ನಿಗೆ ಗೋಡೆ ತಗುಲಿತು. ಹೆಗಲನ್ನು ಗೋಡೆಗೆ ಒತ್ತಿ, ತಲೆಯನ್ನು ಒರಗಿಸಿ ನೋಡಿದ. ಎಷ್ಟು ಒತ್ತಿದರೂ ಅಷ್ಟೇ. ಆ ಬಡಕಲು ಹದಿನೆಂಟರ ಲೆನ್ಸಿದ್ದಿದ್ದರೆ ಎಲ್ಲರೂ ಹಾಯಾಗಿ ಹಿಡಿಯುತ್ತಿದ್ದರು. ಅವನಿಗೆ ಬೆವರು ಕಿತ್ತುಕೊಂಡಿತು.

"ಎರಡು ಸಲ ತೆಗೀತೀನಿ. ಅರ್ಧರ್ಧ ಜನ ನಿಂತ್ಕೊಳ್ಳಿ," ಅಂದ.

"ಇದೊಳ್ಳೆ ಕತೆಯಾಯ್ತಲ್ಲ! ಎಲ್ರೂ ಒಂದ್ರಲ್ಲೇ ಬರ್ಬೇಕು ಕಣ್ರೀ," ಎಂದ ಸಿದ್ದಲಿಂಗಸ್ವಾಮಿ. "ಒತ್ಕೊಳ್ರಪ್ಪಾ ಎಲ್ಲ."

ಜನ ಒತ್ತಿಕೊಂಡರು. ಸಂತೆಗೆ ಹೊರಟ ಟೆಂಪೋದಲ್ಲಿ ಕೂರುವಂತೆ ಕೂತರು. ಒಬ್ಬರ ಮೊಣಕೈ ಇನ್ನೊಬ್ಬರ ಪಕ್ಕೆಗೆ, ಯಾರದೋ ಮಂಡಿ ಸುಂದರಮ್ಮನ ತೊಡೆಯ ಮೇಲೆ. ಅಷ್ಟಾದರೂ ಮೊಮ್ಮಗ ಶಿವಕಿರಣ್ ಅಂಚಿನಲ್ಲಿ ಅರ್ಧ ಮಾತ್ರ ಬರುತ್ತಿದ್ದ.

"ಅವನು ಫೋಟೋದಲ್ಲಿ ಬೀಳ್ತಾ ಇಲ್ಲ," ಎಂದ ಷಡಕ್ಷರಿ. ಹೇಳಬಾರದಿತ್ತು.

ಸಿದ್ದಲಿಂಗಸ್ವಾಮಿ ಸುತ್ತ ನೋಡಿದ. ಜಾಗ ತಕ್ಷಣ ಸಿಕ್ಕಿತು. "ಏ ಪುಟ್ಟಲಿಂಗಮ್ಮ, ನೀನ್ಯಾಕೆ ಅಲ್ಲಿ? ಏಳು. ಅಯ್ಯನೋರು ಪೂಜೆ ಮಾಡಾಯ್ತು, ಇನ್ನು ನೀನು ಮುಟ್ಟಂಗಿಲ್ಲ. ಕಿರಣ, ನೀನು ಬಾ ಅಜ್ಜಿ ಪಕ್ಕಕ್ಕೆ."

"ಕೈ ಬುಟ್ರೆ ತಲೆ ವಾಲ್ತದೆ ಸ್ವಾಮಿ," ಅಂದಳು ಅವಳು.

"ಬಟ್ಟೆ ಕಟ್ಟಿದೀವಲ್ಲ. ಏಳು ಏಳು."

ಅವಳು ಒಮ್ಮೆ ಷಡಕ್ಷರಿಯ ಕಡೆ ನೋಡಿದಳು. ಅವನು ಕ್ಯಾಮೆರಾದ ಹಿಂದೆ ಮುಖ ಇಟ್ಟುಕೊಂಡ. ಅವಳು ಎದ್ದು ಬಾಗಿಲಾಚೆ ಹೋದಳು. ಮೊಮ್ಮಗ ಬಂದು, ಎಲ್ಲೂ ತಗುಲದ ಹಾಗೆ ಎರಡು ಬೆರಳು ಜಾಗ ಬಿಟ್ಟು ಕೂತ. ಸುಂದರಮ್ಮನ ತಲೆ ನಿಧಾನವಾಗಿ ಎದೆಯ ಮೇಲಕ್ಕೆ ಬಾಗಿತು. ಒಬ್ಬರೂ ಕೈ ಕೊಡಲಿಲ್ಲ. ಹನ್ನೊಂದು ಜನವೂ ಕ್ಯಾಮೆರಾ ನೋಡುತ್ತಿದ್ದರು. ಷಡಕ್ಷರಿ ನಾಲ್ಕು ಸಲ ಕ್ಲಿಕ್ ಮಾಡಿ ಹೊರಗೆ ಬಂದು, ಚರಂಡಿಯ ಹತ್ತಿರ ನಿಂತು ಉಗಿದ. ಥೂ, ಇವರ ವಿಭೂತಿಗಿಷ್ಟು, ಇವರ ಮಡಿಗಿಷ್ಟು!

ನಾಲ್ಕನೇ ದಿನ ಗಂಡಹೆಂಡತಿ ಸ್ಟುಡಿಯೋಗೆ ಬಂದರು. ಹನ್ನೊಂದನೇ ದಿನದ ಶಿವಗಣಾರಾಧನೆಗೆ ಹಾಲಿನಲ್ಲಿಡಲು ದೊಡ್ಡ ಫೋಟೋ ಬೇಕಿತ್ತು. ಕಂಪ್ಯೂಟರಿನಲ್ಲಿ ಒಂದೊಂದೇ ತೋರಿಸಿದ. ನಾಲ್ಕರಲ್ಲೂ ನೆತ್ತಿ ಕಾಣುತ್ತಿತ್ತೇ ಹೊರತು ಮುಖವಿರಲಿಲ್ಲ.

"ಏನ್ರೀ ಇದು, ಹೇಳ್ಬಾರ್ದಿತ್ತಾ ತಲೆ ಬಗ್ಗಿದೆ ಅಂತ?" ಎಂದು ಸಿದ್ದಲಿಂಗಸ್ವಾಮಿ ಅವನ ಮೇಲೇ ಹರಿಹಾಯ್ದ.

ಷಡಕ್ಷರಿ ಹಿಂದಿನ ಫೋಟೋಗೆ ಹೋದ. ಟೆಸ್ಟಿಗೆಂದು ತೆಗೆದದ್ದು.

"ಅಯ್ಯೋ, ಇದೇ ಕಣ್ರೀ!" ಎಂದಳು ಪ್ರೇಮಲೀಲಾ. "ಅತ್ತೆ ನಿದ್ದೆ ಮಾಡ್ತಿರೋ ಹಾಗೇ ಇದ್ದಾರೆ. ಎಷ್ಟು ಕಳೆಯಾಗಿದೆ ಮುಖ!"

"ಪಕ್ಕದಲ್ಲಿ ಯಾರದು? ಓ, ಇವಳಾ? ತೆಗೆದ್ಬಿಡ್ರೀ ಅವಳನ್ನ," ಎಂದ ಸಿದ್ದಲಿಂಗಸ್ವಾಮಿ.

"ಮುಖ ಕತ್ತರಿಸ್ಬೋದು," ಎಂದ ಷಡಕ್ಷರಿ. "ಕೈ ಗಲ್ಲದ ಕೆಳಗೇ ಇದೆ. ಕತ್ತರಿಸಿದ್ರೆ ಮೇಡಂ ಗಲ್ಲಾನೂ ಹೋಗುತ್ತೆ."

"ಮಠದಿಂದ ಸ್ವಾಮಿಗಳು ಬರ್ತಾರೆ ಆವತ್ತು. ಅವಳ ಕೈ ಇರೋ ಫೋಟೋಗೆ ಹೆಂಗ್ರೀ ಪೂಜೆ ಮಾಡ್ಸೋದು?"

ಆರು ವರ್ಷ ಆ ಕೈ ಹೇಲುಚ್ಚೆ ಬಳಿದಿತ್ತು. ಆ ಕೈಯಲ್ಲೇ ಸುಂದರಮ್ಮ ಮೂರು ಹೊತ್ತು ಉಂಡಿದ್ದರು. ಆಗ ಯಾರಿಗೂ ಅದು ಯಾರ ಕೈ ಎಂದು ನೆನಪಾಗಿರಲಿಲ್ಲ. ಇದನ್ನು ಹೇಳಿಬಿಡಬೇಕು ಎನಿಸಿತು ಷಡಕ್ಷರಿಗೆ. ಎದುರಿಗಿದ್ದದ್ದು ಮಠದ ಕಮಿಟಿಯ ಮೆಂಬರು. ಒಂಟಿಕೊಪ್ಪಲಿನ ಅರ್ಧ ಮದುವೆಗಳಿಗೆ ಯಾವ ಫೋಟೋದವನು ಎಂದು ಹೇಳುವುದು ಅವನೇ. ಷಡಕ್ಷರಿ ಮೌಸ್ ಹಿಡಿದು ಫೋಟೋವನ್ನು ಇನ್ನಷ್ಟು ದೊಡ್ಡದು ಮಾಡಿ ತೋರಿಸಿದ.

ಉಪಾಯ ಹೊಳೆದದ್ದು ಪ್ರೇಮಲೀಲಾಗೆ. "ಕಂಪ್ಯೂಟರಲ್ಲೇ ಒಂದು ಹಾರ ಹಾಕಕ್ಕಾಗಲ್ವಾ ಷಡಕ್ಷರಿಯವ್ರೇ? ದಪ್ಪಂದು, ಗಲ್ಲದವರೆಗೂ ಬರೋ ಹಾಗೆ."

ಆಗುತ್ತಿತ್ತು. ಅವನ ಹತ್ತಿರ ಹಾರಗಳದ್ದೇ ಒಂದು ಫೋಲ್ಡರಿತ್ತು, ಸತ್ತ ಬೇರೆ ಬೇರೆಯವರ ಕೊರಳಿಂದ ತೆಗೆದಿಟ್ಟುಕೊಂಡದ್ದು. ಕೆಸರೆಯ ಕಡೆಯ ಯಾವುದೋ ಯಜಮಾನರ ಸುಗಂಧರಾಜದ ಹಾರ ಸರಿಯಾಗಿ ಕೂತಿತು. ಬೆರಳುಗಳು ಒಂದೊಂದಾಗಿ ಹೂವಿನಡಿ ಹೋದವು. ನೆರಳನ್ನೂ ಸರಿ ಮಾಡಿದ. ನಲವತ್ತು ನಿಮಿಷದಲ್ಲಿ ಮುಗಿಯಿತು. ಎಲ್ಲಿಂದ ನೋಡಿದರೂ ಗೊತ್ತಾಗುತ್ತಿರಲಿಲ್ಲ. "ಭೇಷ್ ಕಣ್ರೀ, ಎಂಥ ಕೈಚಳಕ," ಎಂದು ಸಿದ್ದಲಿಂಗಸ್ವಾಮಿ ಬೆನ್ನು ತಟ್ಟಿದ. ಆ ಅಂಗೈಯ ಬಿಸಿ ಅಂಗಿಯ ಮೇಲೆ ಉಳಿದಂತಾಗಿ ಷಡಕ್ಷರಿ ಮನೆಗೆ ಹೋಗಿ ಸ್ನಾನ ಮಾಡಿದ.

ಆದರೆ ಮನುಷ್ಯನಿಗೆ ತನ್ನ ಬಗ್ಗೆ ಬಹಳ ದಿನ ಅಸಹ್ಯಪಟ್ಟುಕೊಂಡಿರಲು ಆಗುವುದಿಲ್ಲ. ಹಾರವಿಲ್ಲದ ಆ ಮೊದಲಿನ ಫೋಟೋವನ್ನು ಅವನು ಒಳ್ಳೆಯ ಕಾಗದದಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಫ್ರೇಮ್ ಕಟ್ಟಿಸಿದ. ಪುಟ್ಟಲಿಂಗಮ್ಮನಿಗೆ ಅಂತ. ಕಟ್ಟಿಸಿದ ಮೇಲೆ ಮನಸ್ಸು ಹಗುರಾಯಿತು. ಆ ಜನ ಎಂಥವರು, ತಾನು ಎಂಥವನು ಎಂದು ಹೋಲಿಸಿ ನೋಡಿಕೊಂಡು ಎರಡು ದಿನ ಎದೆಯುಬ್ಬಿಸಿ ಓಡಾಡಿದ.

ಹನ್ನೆರಡನೇ ದಿನ ಅವಳು ಸಂಬಳ ಇಸಕೊಂಡು, ಬಟ್ಟೆಯ ಚೀಲ ಹಿಡಿದು ಬಸ್ಸಿಗೆ ಹೊರಟಿದ್ದಳು. ಆ ಮನೆಯ ಕೆಲಸ ಮುಗಿದಿತ್ತು. ಷಡಕ್ಷರಿ ಕೂಗಿ ಕರೆದು, ಕುರ್ಚಿ ಹಾಕಿ, ಫ್ರೇಮನ್ನು ಕೈಗೆ ಕೊಟ್ಟ.

ಅವಳು ಅದನ್ನು ಬಾಗಿಲ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದಳು. "ಚೆಂದಾಗ್ ಬಂದದೆ," ಅಂದಳು.

"ಹೊಸ ಲೆನ್ಸ್ ಕಣಮ್ಮ! ಫ್ಲ್ಯಾಶೇ ಹೊಡೆದಿಲ್ಲ ನೋಡು. ಕಿಟಕಿ ಬೆಳಕಲ್ಲೇ ಬಂದಿರೋದು. ಹಳೇ ಲೆನ್ಸಲ್ಲಿ ಇದು ಸಾಧ್ಯಾನೇ ಇರ್ಲಿಲ್ಲ." ಮಾತು ತಾನಾಗಿ ಬಂತು. ಅಷ್ಟೂ ದಿನದಲ್ಲಿ ಆ ಲೆನ್ಸನ್ನು ಹೊಗಳಿದ ಮೊದಲನೆಯವಳು ಅವಳು.

"ಅಮ್ಮಾವ್ರು ಕಣ್ಣು ಮುಚ್ಚವ್ರಲ್ಲಣ್ಣ," ಅಂದಳು ಪುಟ್ಟಲಿಂಗಮ್ಮ.

ಷಡಕ್ಷರಿ ಫ್ರೇಮಿನತ್ತ ಬಗ್ಗಿ ನೋಡಿದ.

"ನೀವು ಬತ್ತೀನಿ ಅಂದ್ರಲ್ಲ, ಮಾರ್ಚಲ್ಲಿ. ಅವಾಗ ಮೂರು ಭಾನ್ವಾರ ಕೂರ್ಸಿದ್ದೆ. ರೇಷ್ಮೆ ಸೀರೆ ಉಡ್ಸು ಅಂದ್ರು, ಉಡ್ಸಿದ್ದೆ. ಕನ್ನಡಕ ಒರೆಸ್ಕೊಡು ಅಂದ್ರು. ಸಂಜೆಗಂಟ ಒರಗೋಕ್ಕೂ ಒಪ್ತಿರ್ಲಿಲ್ಲ, ಸೀರೆ ಮುದುಡ್ತದೆ ಅಂತ. ಷಡಕ್ಷರಿ ಬಂದ್ನಾ, ಷಡಕ್ಷರಿ ಬಂದ್ನಾ ಅಂತ ಕೇಳೋರು."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಏನಾದರೂ ಹೇಳಲು ಸಿಗುತ್ತಿತ್ತು. ಅವಳು ಫ್ರೇಮನ್ನು ಸೆರಗಿನಿಂದ ಒಮ್ಮೆ ಒರೆಸಿ, ಮೇಜಿನ ಮೇಲೆ ಇಟ್ಟಳು.

"ಇದು ಬ್ಯಾಡ ಕಣಣ್ಣ. ನಾ ಕೇಳಿದ್ದು ಇಂಗಲ್ಲ," ಅಂದಳು.

ಚೀಲ ಎತ್ತಿಕೊಂಡು ಮೆಟ್ಟಿಲಿಳಿದು ಬಸ್‌ಸ್ಟಾಪಿನ ಕಡೆ ಹೋದಳು. ಷಡಕ್ಷರಿ ಕೂತಲ್ಲೇ ಕೂತಿದ್ದ. ಇಷ್ಟು ದಿನ ಸಿದ್ದಲಿಂಗಸ್ವಾಮಿಯ ಮೇಲೆ, ಅವನ ಹೆಂಡತಿಯ ಮೇಲೆ, ಊರಿನ ಮದುವೆಗಳ ಮೇಲೆ ಹುಟ್ಟುತ್ತಿದ್ದ ಹೇಸಿಗೆಗೆಲ್ಲ ಈಗ ಹೋಗಲು ಬೇರೆ ಜಾಗವಿರಲಿಲ್ಲ. ಮಾರ್ಚಿನ ಆ ಮೂರು ಭಾನುವಾರವೂ ಅವನು ಇದೇ ಸ್ಟುಡಿಯೋದಲ್ಲಿದ್ದ. ಆ ಮನೆಗೆ ಇಲ್ಲಿಂದ ಎರಡು ನಿಮಿಷದ ನಡಿಗೆ.